ರೇಖೆ ಒಂದೇ, ಸಮೀಕರಣ ಐದು ಬಗೆ: ಯಾವಾಗ ಯಾವುದನ್ನು ಹಿಡಿಯಬೇಕು?

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯ ಹಿಂಬದಿಯ ಮಾಡನ್ನು ಬಿಚ್ಚಿ, ಮರ ಬದಲಿಸಿ, ಹೊಸದಾಗಿ ಹೆಂಚು ಹೊದಿಸಬೇಕಾಯಿತು. ಕೆಲಸಕ್ಕೆ ಬಂದ ಆಚಾರಿಯವರ ಬಳಿ ನಕ್ಷೆ ಇರಲಿಲ್ಲ, ಕೋನಮಾಪಕವೂ ಇರಲಿಲ್ಲ. "ವಾಟ ಎಷ್ಟು ಕೊಡುತ್ತೀರಿ?" ಎಂದು ಕೇಳಿದೆ. "ಅಡಿಗೆ ಆರು ಇಂಚು ಇಟ್ಟರೆ ಸಾಕಮ್ಮ. ಅದಕ್ಕಿಂತ ಚಪ್ಪಟೆಯಾದರೆ ಗಾಳಿಮಳೆಗೆ ಹೆಂಚಿನ ಸಂದಿಯಲ್ಲಿ ನೀರು ಹಿಂದಕ್ಕೆ ಹತ್ತುತ್ತದೆ" ಎಂದರು. ಅಡ್ಡಕ್ಕೆ ಹನ್ನೆರಡು ಇಂಚು ಸಾಗಿದರೆ ಮೇಲಕ್ಕೆ ಆರು ಇಂಚು. ಪಿಯುಸಿ ಪುಸ್ತಕದ ಭಾಷೆಯಲ್ಲಿ ಇದಕ್ಕೆ ಇಳಿಜಾರು, ಅಂದರೆ ಎಂ = 1/2 ಎನ್ನುತ್ತಾರೆ.

ಅದೇ ಮಾಡಿನ ಕೆಳಗೆ ಸಂಜೆ ಏಳೆಂಟು ಮಕ್ಕಳಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಸರಳರೇಖೆಗಳ ಅಧ್ಯಾಯ ಬಂದಾಗ ಪ್ರತಿವರ್ಷವೂ ಯಾರಾದರೂ ಒಬ್ಬರು ಕೇಳುವುದು ಇದನ್ನೇ: "ಮೇಡಂ, ಸೂತ್ರಗಳೆಲ್ಲ ಬಾಯಿಪಾಠ ಇದೆ. ಆದರೆ ಲೆಕ್ಕ ನೋಡಿದ ಕೂಡಲೇ ಯಾವುದನ್ನು ಹಾಕಬೇಕು ಎಂದು ಹೇಗೆ ಗೊತ್ತಾಗುತ್ತದೆ?" ಈ ಬರಹ ಆ ಪ್ರಶ್ನೆಗೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಐದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಬಿಂದು-ಇಳಿಜಾರು ರೂಪವನ್ನು ಉಳಿಸಿಕೊಳ್ಳುತ್ತೇನೆ. ಹೆಚ್ಚಿನವರು ಎತ್ತಿಕೊಳ್ಳುವುದು ಬೇರೆಯದನ್ನು.

ಮೊದಲು ಇಳಿಜಾರಿನ ಬಗ್ಗೆ ಒಂದು ಮಾತು. ರೇಖೆಯ ಮೇಲೆ ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ, ವೈ ಎಷ್ಟು ಏರಿತು ಎಂಬುದನ್ನು ಎಕ್ಸ್ ಎಷ್ಟು ಸಾಗಿತು ಎಂಬುದರಿಂದ ಭಾಗಿಸಿದರೆ ಒಂದೇ ಸಂಖ್ಯೆ ಬರುತ್ತದೆ. ಆ ಸಂಖ್ಯೆಯೇ ಇಳಿಜಾರು. ಹಾಗೆ ಒಂದೇ ಸಂಖ್ಯೆ ಬರುವುದರಿಂದಲೇ ಅದು ನೇರ ರೇಖೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಜಾಗ ಜಾಗಕ್ಕೂ ಬೇರೆ ಬೇರೆ ಸಂಖ್ಯೆ ಬರುತ್ತದೆ. ರೈಲ್ವೆಯವರು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ಹಳಿಯ ಇಳಿಜಾರು ಐವತ್ತಕ್ಕೆ ಒಂದು, ಅಂದರೆ 0.02. ನಮ್ಮ ಹಿತ್ತಿಲಿನ ಮಾಡಿನ 0.5ರ ಮುಂದೆ ಇದೇನು ಮಹಾ ಎನ್ನಿಸಬಹುದು. ಆದರೆ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಭಾರ ಎಳೆಯಬೇಕಾದಾಗ ಅದು ಬಹಳ ಕಡಿದಾದ ಏರು.

ಇಳಿಜಾರು-ಛೇದ ರೂಪ: ಸೊನ್ನೆ ಕಣ್ಣೆದುರು ಇದ್ದಾಗ

ವೈ = ಎಂ ಎಕ್ಸ್ + ಸಿ. ಎಲ್ಲರಿಗೂ ಬಾಯಿಗೆ ಬರುವ ರೂಪ ಇದು. ಎಂ ಎಂದರೆ ಇಳಿಜಾರು, ಸಿ ಎಂದರೆ ರೇಖೆ ವೈ ಅಕ್ಷವನ್ನು ಕಡಿಯುವ ಎತ್ತರ, ಇದಕ್ಕೇ ಛೇದ ಎನ್ನುವುದು. ಎಕ್ಸ್ ಸೊನ್ನೆಯಾಗಿದ್ದಾಗ ಲೆಕ್ಕ ಎಲ್ಲಿಂದ ಶುರುವಾಯಿತು ಎಂಬುದನ್ನು ಸಿ ಹೇಳುತ್ತದೆ.

ಇದು ಚೆನ್ನಾಗಿ ಕೂರುವುದು ಬಾಡಿಗೆಯ ಲೆಕ್ಕಗಳಿಗೆ. ಅಡಿಕೆ ಚೀಲಗಳನ್ನು ಶಿವಮೊಗ್ಗದ ಮಂಡಿಗೆ ಸಾಗಿಸಬೇಕು ಎಂದಿಟ್ಟುಕೊಳ್ಳಿ. ಒಬ್ಬ ಗಾಡಿಯವರು ಹತ್ತಿಸಿ ಇಳಿಸಲು 250 ರೂಪಾಯಿ, ಆಮೇಲೆ ಕಿಲೋಮೀಟರಿಗೆ 25 ಎನ್ನುತ್ತಾರೆ. ಇನ್ನೊಬ್ಬರು ಹತ್ತಿಸುವ ಕೂಲಿ ಬೇಡ, ಕಿಲೋಮೀಟರಿಗೆ 35 ಕೊಡಿ ಎನ್ನುತ್ತಾರೆ. ಮೊದಲನೆಯದು ವೈ = 25ಎಕ್ಸ್ + 250, ಎರಡನೆಯದು ವೈ = 35ಎಕ್ಸ್. ಎರಡೂ ರೇಖೆಗಳು ಸೇರುವುದು ಎಕ್ಸ್ = 25 ಆದಾಗ, ಅಲ್ಲಿ ಇಬ್ಬರ ಬಾಡಿಗೆಯೂ 875 ರೂಪಾಯಿ. ಅದಕ್ಕಿಂತ ಹತ್ತಿರವಾದರೆ ಎರಡನೆಯ ಗಾಡಿ ಲಾಭ, ದೂರವಾದರೆ ಮೊದಲನೆಯದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು ಎಂದು ಹಿಡಿದರೆ 1750 ಮತ್ತು 2100. ಮುನ್ನೂರೈವತ್ತು ರೂಪಾಯಿಯ ವ್ಯತ್ಯಾಸ. ಬೇರೆ ಯಾವ ರೂಪದಲ್ಲೂ ಈ ಹೋಲಿಕೆ ಇಷ್ಟು ಸಲೀಸಾಗಿ ಆಗುವುದಿಲ್ಲ, ಏಕೆಂದರೆ ಇಲ್ಲಿ ಸೊನ್ನೆ ಕಿಲೋಮೀಟರು ಎಂಬುದು ನಿಜವಾದ ಜಾಗ, ನಮ್ಮ ಅಂಗಳ.

ಮಾಡಿಗೆ ಮರಳೋಣ. ಗೋಡೆಯ ಬುಡವನ್ನು ಮೂಲಬಿಂದು ಎಂದಿಟ್ಟುಕೊಂಡರೆ, ಗೋಡೆ 9 ಅಡಿ ಎತ್ತರ, ವಾಟ ಅಡಿಗೆ ಅರ್ಧ ಅಡಿ. ವೈ = ಎಕ್ಸ್/2 + 9. ನಡುಮನೆ 12 ಅಡಿ ಒಳಗಿದೆ, ಅಲ್ಲಿ ಮಾಡಿನ ನೆತ್ತಿಯ ಎತ್ತರ 15 ಅಡಿ. ಸೂರು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಬೇಕು, ಇಲ್ಲವಾದರೆ ಆಷಾಢದ ಎರಚಲು ಜಗಲಿಯನ್ನು ಬಿಡುವುದಿಲ್ಲ. ಎಕ್ಸ್ = −3 ಎಂದು ಹಾಕಿದರೆ ಸೂರಿನ ಎತ್ತರ 7.5 ಅಡಿ. ಎಕ್ಸ್ ಋಣಾತ್ಮಕವಾದರೆ ಅರ್ಥವೇನು ಎಂದು ಕೇಳುವ ಮಕ್ಕಳನ್ನು ನಾನು ಎಬ್ಬಿಸಿ ಜಗಲಿಗೆ ಕರೆದುಕೊಂಡು ಹೋಗಿ ಸೂರು ತೋರಿಸುತ್ತೇನೆ.

ಬಿಂದು-ಇಳಿಜಾರು ರೂಪ: ನಾನು ಮೊದಲು ಕೈಹಾಕುವುದು ಇದಕ್ಕೆ

ವೈ − ವೈ₁ = ಎಂ (ಎಕ್ಸ್ − ಎಕ್ಸ್₁). ರೇಖೆಯ ಮೇಲಿನ ಯಾವುದಾದರೂ ಒಂದು ಬಿಂದು (ಎಕ್ಸ್₁, ವೈ₁) ಮತ್ತು ಇಳಿಜಾರು ಗೊತ್ತಿದ್ದರೆ ಮುಗಿಯಿತು. ಸೂತ್ರದಂತೆ ಕಾಣುತ್ತದೆ, ಆದರೆ ಇದು ಇಳಿಜಾರಿನ ವ್ಯಾಖ್ಯೆಯೇ. ಏರಿದ್ದನ್ನು ಸಾಗಿದ್ದರಿಂದ ಭಾಗಿಸಿದರೆ ಎಂ ಎಂದು ಮೇಲೆ ಹೇಳಿದೆವಲ್ಲ, ಆ ಭಾಜಕವನ್ನು ಈಚೆ ಕಡೆಗೆ ತಂದರೆ ಇದೇ ಬರುತ್ತದೆ. ಹಾಗಾಗಿ ಮರೆತುಹೋಗುವ ಭಯವೂ ಕಡಿಮೆ.

ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟ ದಿನವೂ ಬರುತ್ತದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಜುಲೈ 10ರಂದು ಮಟ್ಟ 1782 ಅಡಿ ಇದೆ, ದಿನಕ್ಕೆ ಒಂದೂವರೆ ಅಡಿ ಏರುತ್ತಿದೆ ಎಂದು ಭಾವಿಸಿ. ಬರೆಯುವುದು ಇಷ್ಟೇ: ವೈ − 1782 = 1.5 (ಎಕ್ಸ್ − 10). ತುಂಬುವುದು ಯಾವಾಗ? ಎಡಗಡೆ 37 ಅಡಿ ಬಾಕಿ, 37ನ್ನು 1.5ರಿಂದ ಭಾಗಿಸಿದರೆ ಇಪ್ಪತ್ತೈದಕ್ಕೆ ತುಸು ಕಡಿಮೆ. ಇದೇ ವೇಗ ಉಳಿದರೆ ಆಗಸ್ಟ್ ಮೊದಲ ವಾರ. ಸಮೀಕರಣವನ್ನು ಬಿಡಿಸುವ ಗೋಜೂ ಇಲ್ಲ. ಇಂದಿನಿಂದ ಎಷ್ಟು ದಿನ, ಇಂದಿನ ಮಟ್ಟದಿಂದ ಎಷ್ಟು ಅಡಿ ಎಂಬುದು ಆವರಣಗಳ ಒಳಗೆ ಹಾಗೆಯೇ ಕೂತಿದೆ.

ಇದನ್ನೇ ವೈ = ಎಂ ಎಕ್ಸ್ + ಸಿ ಮಾಡಿದರೆ ವೈ = 1.5ಎಕ್ಸ್ + 1767. ಲೆಕ್ಕ ಸರಿ. ಆದರೆ 1767 ಎಂದರೇನು? ಜುಲೈ ತಿಂಗಳ ಸೊನ್ನೆಯ ತಾರೀಖಿನ ಮಟ್ಟ, ಅಂದರೆ ಜೂನ್ 30ರದು. ಅಂದು ನಿಜಕ್ಕೂ ಮಟ್ಟ ಅಷ್ಟಿತ್ತೇ ಎಂದರೆ ಇರಲಾರದು, ಆಗ ಮಳೆಯ ಲಯವೇ ಬೇರೆ. ನಮಗೆ ಗೊತ್ತಿದ್ದ 1782 ಸಮೀಕರಣದಿಂದ ಮಾಯವಾಗಿ, ಯಾರೂ ಅಳೆಯದ ಸಂಖ್ಯೆಯೊಂದು ಅದರ ಜಾಗದಲ್ಲಿ ಬಂದು ಕೂತಿತು.

ಸಿ ಎಷ್ಟು ಚಂಚಲ ಎಂಬುದಕ್ಕೆ ಪಕ್ಕದ ಭದ್ರಾ ಜಲಾಶಯವನ್ನೇ ನೋಡಿ. ಅದರ ಪೂರ್ಣ ಮಟ್ಟ 186 ಅಡಿ ಎಂದು ಬರೆಯುತ್ತಾರೆ. ಲಿಂಗನಮಕ್ಕಿಯ 1819 ಸಮುದ್ರಮಟ್ಟದಿಂದ ಎಣಿಸಿದ್ದು. ಭದ್ರಾದ 186ಕ್ಕೆ ಸೊನ್ನೆಯೇ ಬೇರೆ. ಎರಡರಲ್ಲೂ ಮಟ್ಟ ದಿನಕ್ಕೆ ಎರಡು ಅಡಿ ಏರಿದರೆ ಇಳಿಜಾರು ಎರಡಕ್ಕೂ 2. ಸೊನ್ನೆಯನ್ನು ಎಲ್ಲಿ ನೆಟ್ಟರೂ ಇಳಿಜಾರು ಕದಲುವುದಿಲ್ಲ, ಛೇದ ಮಾತ್ರ ಹಾರಾಡುತ್ತದೆ. ಕದಲದ ಇಳಿಜಾರನ್ನೂ ಕಣ್ಣಾರೆ ಕಂಡ ಒಂದು ಬಿಂದುವನ್ನೂ ಹಿಡಿದು ಬರೆಯುವುದು ನನಗೆ ಹೆಚ್ಚು ಭದ್ರ ಎನ್ನಿಸುತ್ತದೆ.

(ಇಲ್ಲಿ ಒಂದು ಎಚ್ಚರಿಕೆ. ಜಲಾಶಯದ ಏರಿಕೆ ನಾಲ್ಕಾರು ದಿನಗಳ ಮಟ್ಟಿಗೆ ಮಾತ್ರ ಸರಳರೇಖೆ. ಕಣಿವೆ ಮೇಲೆ ಹೋದಷ್ಟೂ ಅಗಲವಾಗುತ್ತದೆ. ಕೆಳಗೆ ಒಂದೂವರೆ ಅಡಿ ಏರಿಸಿದ ಅಷ್ಟೇ ನೀರು ಮೇಲೆ ಒಂದು ಅಡಿಯನ್ನೂ ಏರಿಸಲಿಕ್ಕಿಲ್ಲ. ಒಳಹರಿವೂ ಒಂದೇ ಸಮನೆ ಇರುವುದಿಲ್ಲ. ಆಗಸ್ಟ್ ಮೊದಲ ವಾರ ಎಂದು ಯಾರ ಹತ್ತಿರವೂ ಪಂಥ ಕಟ್ಟಬೇಡಿ.)

ಮಾಡಿನ ಆ ಕಡೆಯ ಮಗ್ಗುಲನ್ನು ಬರೆಯುವಾಗಲೂ ಇದೇ ರೂಪ ಕೈಹಿಡಿಯುತ್ತದೆ. ನೆತ್ತಿ (12, 15)ರಲ್ಲಿದೆ, ಅಲ್ಲಿಂದ ಆಚೆಗೆ ಇಳಿತ, ಹಾಗಾಗಿ ಎಂ = −1/2. ವೈ − 15 = −(ಎಕ್ಸ್ − 12)/2. ಎಕ್ಸ್ = 24ರ ಎದುರು ಗೋಡೆಯಲ್ಲಿ ಎತ್ತರ 9 ಅಡಿ, ತಾಳೆಯಾಯಿತು. ಒಬ್ಬ ಹುಡುಗ ಇದನ್ನು ಬಿಡಿಸಿ ವೈ = −ಎಕ್ಸ್/2 + 21 ಎಂದು ಬರೆದು, "ಮೇಡಂ, 21 ಅಡಿ ಎತ್ತರದಲ್ಲಿ ಏನಿದೆ?" ಎಂದು ಮೇಲೆ ನೋಡಿದ. ಏನೂ ಇಲ್ಲ. ಆ ಮಗ್ಗುಲನ್ನು ನೆತ್ತಿಯಿಂದ ಈಚೆಗೆ ಗಾಳಿಯಲ್ಲೇ ಎಳೆದುಕೊಂಡು ಬಂದರೆ ಈ ಗೋಡೆಯ ನೇರಕ್ಕೆ 21 ಅಡಿಗೆ ಮುಟ್ಟುತ್ತದೆ, ಅಷ್ಟೇ.

ಎರಡು ಬಿಂದು ರೂಪ: ನೆನಪಿಡಬೇಕಾಗಿಯೇ ಇಲ್ಲ

ಎರಡು ಬಿಂದು ಕೊಟ್ಟರೆ ಮೊದಲು ಇಳಿಜಾರು ಕಂಡುಹಿಡಿಯಿರಿ, ಆಮೇಲೆ ಮೇಲಿನ ರೂಪಕ್ಕೆ ಹೋಗಿ. ಇದಕ್ಕಾಗಿ ಬೇರೆಯದೇ ಉದ್ದ ಸೂತ್ರವನ್ನು ಪುಸ್ತಕ ಕೊಡುತ್ತದೆ. ನಾಲ್ಕು ಅಡಿಬರಹದ ಅಕ್ಷರಗಳು, ಎರಡು ಭಿನ್ನರಾಶಿ. ನಾನು ಪಿಯುಸಿ ಓದುವಾಗ ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಅಂಶ ಛೇದ ತಿರುಗಿಸಿ ಬರೆದು ನಾಲ್ಕು ಅಂಕ ಕಳೆದುಕೊಂಡವಳು. ಅಂದಿನಿಂದ ಆ ಸೂತ್ರಕ್ಕೂ ನನಗೂ ಮಾತುಕತೆ ಇಲ್ಲ.

ಉದಾಹರಣೆಗೆ ಭದ್ರಾದಲ್ಲಿ ಜುಲೈ 5ರಂದು 142 ಅಡಿ, 9ರಂದು 152 ಅಡಿ ಎಂದಿರಲಿ. ಏರಿದ್ದು 10, ಕಳೆದದ್ದು 4 ದಿನ, ಎಂ = 2.5. ವೈ − 142 = 2.5 (ಎಕ್ಸ್ − 5). ಬಳಸದೆ ಉಳಿದ ಬಿಂದುವಿನಿಂದ ತಾಳೆ ನೋಡಿ: ಎಕ್ಸ್ = 9 ಹಾಕಿದರೆ 152 ಬರಬೇಕು, ಬರುತ್ತದೆ. ಮಕ್ಕಳು ಎಡವುವುದು ಒಂದೇ ಕಡೆ. ಮೇಲೆ 152ರಿಂದ 142 ಕಳೆದು, ಕೆಳಗೆ 5ರಿಂದ 9 ಕಳೆಯುತ್ತಾರೆ. ಆಗ ಎಂ = −2.5 ಬಂದು, ಸುರಿಯುವ ಮಳೆಯಲ್ಲಿ ಜಲಾಶಯ ಬತ್ತತೊಡಗುತ್ತದೆ. ಮೇಲೆ ಯಾವ ಬಿಂದುವಿನಿಂದ ಶುರು ಮಾಡಿದಿರೋ ಕೆಳಗೂ ಅದರಿಂದಲೇ ಶುರು ಮಾಡಬೇಕು. ಉತ್ತರ ಬಂದ ಮೇಲೆ ರೇಖೆ ಹತ್ತಬೇಕಿತ್ತೋ ಇಳಿಯಬೇಕಿತ್ತೋ ಎಂದು ಒಮ್ಮೆ ಕಣ್ಣು ಮುಚ್ಚಿ ಯೋಚಿಸಿದರೂ ಈ ತಪ್ಪು ಸಿಕ್ಕಿಬೀಳುತ್ತದೆ.

ಛೇದ ರೂಪ

ಎಕ್ಸ್/ಎ + ವೈ/ಬಿ = 1. ಇಲ್ಲಿ ಎ ಮತ್ತು ಬಿ ಎಂದರೆ ರೇಖೆ ಎಕ್ಸ್ ಮತ್ತು ವೈ ಅಕ್ಷಗಳನ್ನು ಕಡಿಯುವ ಜಾಗಗಳು. ಅವನ್ನು ಪ್ರಶ್ನೆಯೇ ಹೇಳಿದ್ದರೆ ಬಳಸಿ, ಇಲ್ಲವಾದರೆ ಮರೆತುಬಿಡಿ. ಮೂಲಬಿಂದುವಿನ ಮೂಲಕ ಹೋಗುವ ರೇಖೆಗೆ ಇದು ಒಗ್ಗುವುದೇ ಇಲ್ಲ, ಅಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ರೇಖೆ ಮತ್ತು ಅಕ್ಷಗಳ ನಡುವಿನ ತ್ರಿಕೋನದ ವಿಸ್ತೀರ್ಣ ಕೇಳಿದಾಗ ಮಾತ್ರ ಕೆಲಸ ಸಲೀಸು.

ಸಾಮಾನ್ಯ ರೂಪ: ಜೋಗವನ್ನೂ ಬರೆಯಬಲ್ಲದ್ದು

ಎ ಎಕ್ಸ್ + ಬಿ ವೈ + ಸಿ = 0. ಮಕ್ಕಳು ಇದನ್ನು ಒಂಬತ್ತನೆಯ ತರಗತಿಯಲ್ಲೇ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಎಂದು ನೋಡಿರುತ್ತಾರೆ. ಇಳಿಜಾರಿನ ಪರಿಚಯವಾಗುವುದು ಮೊದಲ ಪಿಯುಸಿಯಲ್ಲಿ. ಹೀಗಾಗಿ ಇವೆರಡೂ ಒಂದೇ ರೇಖೆಯ ಎರಡು ವೇಷ ಎಂಬುದು ಎಷ್ಟೋ ಮಂದಿಗೆ ಹೊಳೆದಿರುವುದೇ ಇಲ್ಲ. ಗಮನಿಸಿ, ಇಲ್ಲಿನ ಸಿ ಬೇರೆ, ವೈ = ಎಂ ಎಕ್ಸ್ + ಸಿಯಲ್ಲಿನ ಸಿ ಬೇರೆ. ಒಂದೇ ಅಕ್ಷರಕ್ಕೆ ಎರಡು ಕೆಲಸ ಹಚ್ಚಿದ್ದು ಪುಸ್ತಕಗಳ ಪಾಪ.

ಲೆಕ್ಕದ ಮೊದಲ ಸಾಲಿನಲ್ಲಿ ಈ ರೂಪ ಉಪಯೋಗಕ್ಕೆ ಬರುವುದು ಅಪರೂಪ. ಇದು ಕೊನೆಯ ಸಾಲಿನ ರೂಪ. ಭಿನ್ನರಾಶಿಗಳೆಲ್ಲ ತೊಲಗಿ ಉತ್ತರ ಚೊಕ್ಕವಾಗುತ್ತದೆ. ಉತ್ತರ ಯಾವ ರೂಪದಲ್ಲಿರಬೇಕು ಎಂದು ಪ್ರಶ್ನೆ ಹೇಳದಿದ್ದರೆ ನಾನು ಇದಕ್ಕೇ ತಂದು ನಿಲ್ಲಿಸಲು ಹೇಳುತ್ತೇನೆ. ಸಮಾಂತರ ಮತ್ತು ಲಂಬ ರೇಖೆಗಳ ಲೆಕ್ಕದಲ್ಲಿ ಮಾತ್ರ ಇದು ಮೊದಲ ಸಾಲಿನಲ್ಲೇ ಗೆಲ್ಲುತ್ತದೆ. 2ಎಕ್ಸ್ + 3ವೈ − 12 = 0 ಎಂಬ ರೇಖೆಗೆ ಸಮಾಂತರವಾಗಿ (3, 5)ರ ಮೂಲಕ ಹೋಗುವ ರೇಖೆ ಬೇಕೇ? 2ಎಕ್ಸ್ + 3ವೈ ಹಾಗೆಯೇ ಇರಲಿ, ಬಿಂದುವನ್ನು ಹಾಕಿ: 6 + 15 = 21. ಉತ್ತರ 2ಎಕ್ಸ್ + 3ವೈ − 21 = 0. ಲಂಬರೇಖೆ ಬೇಕೇ? ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ತಿರುಗಿಸಿ: 3ಎಕ್ಸ್ − 2ವೈ, ಬಿಂದು ಹಾಕಿದರೆ 9 − 10 = −1, ಹಾಗಾಗಿ 3ಎಕ್ಸ್ − 2ವೈ + 1 = 0. ಇಳಿಜಾರುಗಳು −2/3 ಮತ್ತು 3/2, ಗುಣಿಸಿದರೆ −1. ಸಾಮಾನ್ಯ ರೂಪದಿಂದ ಇಳಿಜಾರು ಓದುವಾಗ ಅದು −ಎ/ಬಿ ಎಂಬ ಋಣ ಚಿಹ್ನೆಯನ್ನು ಬಿಡಬೇಡಿ. ನನ್ನ ಬಳಿ ಬರುವ ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕೆಂಪು ಗೀಟು ಬೀಳುವುದು ಈ ಜಾಗದಲ್ಲಿ.

ಇನ್ನು ಜೋಗ. ಶರಾವತಿ ಅಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ 253 ಮೀಟರು ಕೆಳಗೆ ಬೀಳುತ್ತದೆ. ರಾಣಿ ಬಂಡೆಯ ಮೇಲೆ ಬಳುಕುತ್ತಾ ಇಳಿದರೆ, ರಾಜಾ ನೇರವಾಗಿ ಧುಮುಕುತ್ತದೆ. ರಾಜಾನ ಇಳಿಜಾರು ಎಷ್ಟು? ಇಳಿದದ್ದು 253, ಅಡ್ಡಕ್ಕೆ ಸಾಗಿದ್ದು ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಆದ್ದರಿಂದ ಇಳಿಜಾರು ಎಂಬುದೇ ಅಲ್ಲಿಲ್ಲ. ಅಡಿಕೆ ಒಣಗಿಸುವ ಸಮತಟ್ಟಾದ ಅಂಗಳಕ್ಕೆ ಇಳಿಜಾರು ಇದೆ, ಅದು ಸೊನ್ನೆ. ಮಕ್ಕಳು ಇವೆರಡನ್ನೂ "ಇಳಿಜಾರು ಇಲ್ಲ" ಎಂದೇ ಬರೆದು ಕಲಸುತ್ತಾರೆ. ಅಂಗಳದ ಸಮೀಕರಣ ವೈ = 2 ಎಂಬಂತೆ, ಜಲಪಾತದ ಸಮೀಕರಣ ಎಕ್ಸ್ = 4 ಎಂಬಂತೆ. ಎರಡನೆಯದನ್ನು ವೈ = ಎಂ ಎಕ್ಸ್ + ಸಿ ಎಂದು ಎಷ್ಟು ತಿಪ್ಪರಲಾಗ ಹಾಕಿದರೂ ಬರೆಯಲಾಗದು, ನನ್ನ ಮೆಚ್ಚಿನ ಬಿಂದು-ಇಳಿಜಾರು ರೂಪವೂ ಅಲ್ಲಿ ಕೈಚೆಲ್ಲುತ್ತದೆ. ಸಾಮಾನ್ಯ ರೂಪದಲ್ಲಿ ಬಿ ಸೊನ್ನೆ ಎಂದರಾಯಿತು: ಎಕ್ಸ್ − 4 = 0.

ವಿಡಿಯೊ ನೋಡಿ ಕಲಿಯುವವರಿಗೆ

ಅಮೆರಿಕದ ಶಿಕ್ಷಕರು ಛೇದಕ್ಕೆ ಸಿ ಬದಲು ಬಿ ಎಂದು ಬರೆಯುತ್ತಾರೆ: ವೈ = ಎಂ ಎಕ್ಸ್ + ಬಿ. ನಮ್ಮ ಪುಸ್ತಕಗಳದ್ದು ಬ್ರಿಟಿಷ್ ರೂಢಿ. ಅಮೆರಿಕದಲ್ಲಿ 'ಸ್ಟ್ಯಾಂಡರ್ಡ್' ರೂಪ ಎಂದು ಹೇಳುವುದು ಎ ಎಕ್ಸ್ + ಬಿ ವೈ = ಸಿ ಎಂಬುದನ್ನು; ನಮ್ಮಲ್ಲಿ ಎಲ್ಲವನ್ನೂ ಎಡಕ್ಕೆ ತಂದು ಸೊನ್ನೆಗೆ ಸಮ ಮಾಡುವುದರಿಂದ ಸಿಯ ಚಿಹ್ನೆ ತಿರುಗುತ್ತದೆ. ಇಳಿಜಾರಿಗೆ ಎಂ ಅಕ್ಷರ ಬಂದದ್ದು 'ಮೇಲೇರು' ಎಂಬರ್ಥದ ಫ್ರೆಂಚ್ ಪದ 'ಮೋಂತೆ'ಯಿಂದ ಎಂದು ಕೆಲವು ವಿಡಿಯೊಗಳು ಹೇಳುವ ಕಥೆಗೆ ಪುರಾವೆ ಇಲ್ಲ. 1637ರಲ್ಲಿ ನಿರ್ದೇಶಾಂಕಗಳ ದಾರಿ ತೆರೆದ ಫ್ರಾನ್ಸಿನ ದೆಕಾರ್ತ್ ಇಳಿಜಾರಿಗೆ ಎಂ ಬಳಸಿದವನಲ್ಲ.

ರೇಖೆ ಎಳೆಯಲು ಗ್ರಾಫ್ ಹಾಳೆಯೋ ಮೊಬೈಲಿನ ಜಿಯೋಜೀಬ್ರಾ ಆ್ಯಪೋ ಎಂದು ಕೇಳಿದರೆ, ಮೊದಲ ಹತ್ತು ರೇಖೆಗಳಿಗೆ ಹಾಳೆ, ಆಮೇಲೆ ಆ್ಯಪ್. ಹಾಳೆಯ ಮೇಲೆ ಚೌಕ ಎಣಿಸುತ್ತಾ "ಎರಡು ಬಲಕ್ಕೆ, ಒಂದು ಮೇಲಕ್ಕೆ" ಎಂದು ಪೆನ್ಸಿಲ್ ನಡೆಸಿದ ಕೈಗೆ ಇಳಿಜಾರು ಅರ್ಥವಾದಷ್ಟು ಬೆರಳಲ್ಲಿ ಒತ್ತಿ ರೇಖೆ ತರಿಸಿಕೊಂಡವರಿಗೆ ಆಗುವುದಿಲ್ಲ. ಕರೆಂಟು ಹೋಗುವ ಊರಿನಲ್ಲಿ ಹಾಳೆಗೆ ಇನ್ನೊಂದು ಅನುಕೂಲವೂ ಉಂಟು.

ಆದರೆ ಆ್ಯಪಿನಲ್ಲಿ ಮಾತ್ರ ಕಾಣಬಹುದಾದ ಒಂದು ಸಂಗತಿ ಇದೆ. ವೈ = ಎಂ (ಎಕ್ಸ್ − 4) ಎಂದು ಟೈಪ್ ಮಾಡಿ, ಎಂಗೆ ಸ್ಲೈಡರ್ ಇಟ್ಟು, ಅದರ ಮಿತಿಯನ್ನು 500ರವರೆಗೆ ಹಿಗ್ಗಿಸಿ. ಎಂ ಸೊನ್ನೆಯಿದ್ದಾಗ ಅಂಗಳ. 0.5ಕ್ಕೆ ನಮ್ಮ ಮಾಡು. 5, 50 ಎಂದು ಎಳೆಯುತ್ತಾ ಹೋದಂತೆ ರೇಖೆ (4, 0) ಎಂಬ ಮೊಳೆಗೆ ಸಿಕ್ಕಿಸಿದ ಕಡ್ಡಿಯ ಹಾಗೆ ಎದ್ದು ನಿಲ್ಲುತ್ತಾ ಬರುತ್ತದೆ. 500ಕ್ಕೆ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ಈಗ ಕೆಳಗಿನ ಸಾಲಿನಲ್ಲಿ ಎಕ್ಸ್ = 4 ಎಂದು ಹಾಕಿ, ಎರಡು ಬೆರಳಿನಿಂದ ಚಿತ್ರವನ್ನು ಕುಗ್ಗಿಸದೆ ಮೇಲಕ್ಕೆ ಮೇಲಕ್ಕೆ ಸರಿಸುತ್ತಾ ಹೋಗಿ. ವೈ 500 ಮುಟ್ಟುವ ಹೊತ್ತಿಗೆ ಎರಡು ಗೀಟುಗಳ ನಡುವೆ ಸರಿಯಾಗಿ ಒಂದು ಚೌಕದ ಅಂತರ ಬಿದ್ದಿರುತ್ತದೆ.